ಹೆಪ್ಪಿನ ಹಗ್ಗ

ಪರಸ್ಥಳದಲ್ಲಿ ನಮ್ಮ ಊರಿನವರನ್ನು ಗುರುತು ಹಿಡಿಯುವುದು ಸುಲಭ. ಬಟ್ಟಬಯಲಿನಲ್ಲಿ ನಡೆಯುವಾಗಲೂ ಹತ್ತು ಮಾರಿಗೊಮ್ಮೆ ತಲೆ ಬಗ್ಗಿಸುತ್ತೇವೆ. ಎಂಥ ವಿನಯವಂತರು ಎಂದು ಮೆಚ್ಚಿ ನಮ್ಮ ಹುಡುಗರಿಗೆ ಹೆಣ್ಣು ಕೊಟ್ಟವರಿದ್ದಾರೆ. ಮದುವೆಯಾಗಿ ಬಂದ ಮೇಲೆ ಆ ಹೆಣ್ಣುಮಕ್ಕಳಿಗೆ ತಿಳಿಯುತ್ತದೆ, ಇದು ವಿನಯವೂ ಅಲ್ಲ ಗಿನಯವೂ ಅಲ್ಲ, ಹಗ್ಗದ ಅಭ್ಯಾಸ ಎಂದು. ತಿಂಗಳೊಳಗೆ ಅವರೂ ಬಗ್ಗತೊಡಗುತ್ತಾರೆ.

ನಮ್ಮಲ್ಲಿ ಒಂದು ಮನೆಗೆ ಇನ್ನೊಂದು ಮನೆ ಬೇಕಾದರೆ ಹಗ್ಗ ಕಟ್ಟಬೇಕು. ತನ್ನ ಬಾಗಿಲ ಪಕ್ಕದ ಗೂಟದಿಂದ ಎಳೆದು ಅವರ ಬಾಗಿಲ ಗೂಟಕ್ಕೆ ಗಂಟು ಹಾಕಿ, ಯಾತಕ್ಕೆ ಬೇಕು ಎಂಬುದನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕು. ಸುಳ್ಳು ಹೇಳಿ ಕಟ್ಟಿದರೆ ಗಂಟು ನಿಲ್ಲುವುದಿಲ್ಲ, ತಾನಾಗಿ ಸಡಿಲಿ ಬಿದ್ದುಹೋಗುತ್ತದೆ. ಹೊರಗಿನಿಂದ ಒಂದೇ ಒಂದು ಹಗ್ಗ ಬಂದು ಕಟ್ಟಿದ್ದರೂ ಸಾಕು, ಮನೆ ನಿಲ್ಲುತ್ತದೆ. ಆ ಕೊನೆಯ ಹಗ್ಗವೂ ಬಿಚ್ಚಿದರೆ ಮರುದಿನ ಮಧ್ಯಾಹ್ನ, ಊರೆಲ್ಲ ಉಣ್ಣಲು ಕೂತ ಹೊತ್ತಿಗೆ, ಮನೆ ಹೋಗುತ್ತದೆ. ಒಳಗಿದ್ದವರ ಸಮೇತ, ಒಲೆಯ ಮೇಲಿಟ್ಟ ಸಾರಿನ ಸಮೇತ. ಹೋಗುವುದನ್ನು ಕಣ್ಣಾರೆ ಕಂಡವರಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಎಲ್ಲರ ಕಣ್ಣೂ ತಟ್ಟೆಯ ಮೇಲಿರುತ್ತದೆ. ಕೈ ತೊಳೆಯಲು ಹೊರಗೆ ಬಂದು ನೋಡಿದರೆ ಅಲ್ಲಿ ಉತ್ತಿಟ್ಟಂಥ ಹದವಾದ ಮಣ್ಣು. ನೆರೆಯವರು ಎರಡು ದಿನ ಮರುಗಿ ಮೂರನೆಯ ದಿನ ಕೊತ್ತಂಬರಿ ಚೆಲ್ಲುತ್ತಾರೆ. ಆ ಮಣ್ಣಿನಲ್ಲಿ ಕೊತ್ತಂಬರಿ ಬಹಳ ಚೆನ್ನಾಗಿ ಬರುತ್ತದೆ, ಅದನ್ನೂ ಹೇಳಬೇಕು.

ಮನೆ ಬರುವುದು ಇನ್ನೂ ಸುಲಭ. ಊರಬಾಗಿಲಲ್ಲಿ ಒಂದು ಕರೆಗಲ್ಲಿದೆ. ಅದರ ಮೇಲೆ ನಿಂತು ಇಂಥವರು ಬೇಕು ಎಂದು ಕೂಗಿದರೆ, ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಷ್ಟರಲ್ಲಿ ಅವರ ಮನೆ ಬಂದು ಕೂತಿರುತ್ತದೆ. ತೊಡಕು ಏನೆಂದರೆ ಬರುವವರು ಒಬ್ಬರೇ ಬರುವುದಿಲ್ಲ. ತಮಗೆ ಬೇಕಾದವರನ್ನೂ, ಆ ಬೇಕಾದವರಿಗೆ ಬೇಕಾದವರನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ. ಹಿಂದೊಮ್ಮೆ ಯಾರೋ ನಾಮಕರಣಕ್ಕೆ ಶಾವಿಗೆ ಪಾಯಸ ಆಗಲೇಬೇಕೆಂದು ಶಾವಿಗೆ ಒತ್ತುವವಳನ್ನು ಕರೆದರು. ಅವಳ ಹಿಂದೆ ಶಾವಿಗೆ ಒರಳು ಮಾಡುವ ಬಡಗಿ ಬಂದ. ಬಡಗಿಯ ಉಳಿ ಹದ ಮಾಡಲು ಕಮ್ಮಾರ ಬಂದ, ಕಮ್ಮಾರನ ಕುಲುಮೆಗೆ ಇದ್ದಿಲು ಸುಡುವವನು ಬಂದ, ಇದ್ದಿಲು ಸುಡುವವನ ಹೆಂಡತಿಗಾಗಿ ಬಳೆಗಾರ ಬಂದ. ಪಾಯಸ ಒಂದು ಹೊತ್ತಿಗೆ ಮುಗಿಯಿತು, ಬಂದವರು ಮಾತ್ರ ಬೇರು ಬಿಟ್ಟರು. ಇನ್ನು ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ಒಬ್ಬರನ್ನೊಬ್ಬರು ಕೇಳದೆ ಗಾಣದ ಮರುಳಪ್ಪನನ್ನು ಕರೆದದ್ದರಿಂದ ಇಬ್ಬರು ಮರುಳಪ್ಪಂದಿರಾದರು. ಅದೇ ಹೆಸರು, ಅದೇ ಮೂಗು, ಅದೇ ಕೆಮ್ಮು. ಆದರೆ ಮೇಲಿನವನ ಕೈಗೆ ಎಳ್ಳು ಕೊಟ್ಟು ಕೆಳಗಿನವನ ಹತ್ತಿರ ಎಣ್ಣೆ ಕೇಳಿದರೆ, "ನೀವು ಯಾರೋ ಗೊತ್ತಾಗ್ಲಿಲ್ವಲ್ಲ" ಎನ್ನುತ್ತಾನೆ.

ನಾನೂ ಹೀಗೆ ಇನ್ನೊಬ್ಬರ ಬೆನ್ನಿಗೆ ಬಂದವಳೇ. ನನ್ನ ಹೆಸರು ಹೊನ್ನಿ, ಗಡಿಗೆ ಮಾಡುವವಳು. ನನ್ನನ್ನು ಯಾರೂ ಕರೆಯಲಿಲ್ಲ. ಊರಿನ ದೊಡ್ಡ ಮನೆಯ ಮುದ್ದಪ್ಪಜ್ಜ ಎಂಬವರಿಗೆ ಬಾಯಲ್ಲಿ ಒಂದು ಹಲ್ಲೂ ಉಳಿಯದೆ, ಮೊಸರನ್ನದ ಹೊರತು ಬೇರೇನೂ ಗಂಟಲಲ್ಲಿ ಇಳಿಯದಂತಾಯಿತು. ಅವರು ಕರೆಗಲ್ಲಿನ ಮೇಲೆ ನಿಂತು, ಅಮಾವಾಸ್ಯೆ ದಿನವೂ ಮೊಸರು ಕೊಡುವವಳು ಬೇಕು ಎಂದು ಕೂಗಿದರು. ಕೆಂಚಕ್ಕ ಬಂದಳು. ಹೆಪ್ಪು ಹಾಕಲು ಗಡಿಗೆ ಬೇಕಲ್ಲ, ಅದಕ್ಕೆ ನಾನು ಬಂದೆ. ಅವಳ ಗೂಟದಿಂದ ನನ್ನ ಗೂಟಕ್ಕೆ ಒಂದು ಮೋಟು ಹಗ್ಗ, ಎರಡು ಬಾಗಿಲ ನಡುವೆ ಬಟ್ಟೆ ಒಣಹಾಕುವಷ್ಟು ಉದ್ದದ್ದು. ಆಮೇಲೆ ಊರಿಗೆಲ್ಲ ಗಡಿಗೆ ಬೇಕೆಂದು ನೆನಪಾಗಿ ನನ್ನ ಗೂಟಕ್ಕೆ ಎಲ್ಲ ಕಡೆಯಿಂದ ಹಗ್ಗ ಬಂದವು. ನನ್ನನ್ನು ಕರೆತಂದ ಕೆಂಚಕ್ಕನ ಗೂಟಕ್ಕೆ ಮುದ್ದಪ್ಪಜ್ಜನ ಮನೆಯ ಆ ಒಂದು ಹಗ್ಗ ಬಿಟ್ಟರೆ ಇನ್ನೊಂದು ಬೀಳಲಿಲ್ಲ.

ಬೀಳದಿರಲು ಕಾರಣ ಅಮಾವಾಸ್ಯೆ. ಆ ದಿನ ನಮ್ಮ ಊರಿನಲ್ಲಿ ಹಾಲು ಕಾಯಿಸುವುದಿಲ್ಲ. ಕರೆದ ಹಾಲೆಲ್ಲ ಕರುವಿಗೆ. ಮನೆಯಲ್ಲಿ ಉಳಿದ ಮೊಸರು, ಹೆಪ್ಪು ಎಲ್ಲ ಚೆಲ್ಲಿ, ಗಡಿಗೆ ತೊಳೆದು, ಬಾಗಿಲ ಮುಂದೆ ಎಲ್ಲರಿಗೂ ಕಾಣುವಂತೆ ಬೋರಲು ಹಾಕುತ್ತಾರೆ. ಯಾರ ಗಡಿಗೆ ಹೆಚ್ಚು ಬೆಳ್ಳಗಿದೆ ಎಂದು ನೋಡಿಕೊಂಡು ಬರಲು ಹೆಂಗಸರು ನೆಪ ಮಾಡಿಕೊಂಡು ಬೀದಿ ಸುತ್ತುತ್ತಾರೆ. ಸರಿ, ಮಾರನೆಯ ದಿನ ಪಾಡ್ಯ. ಹಾಲು ಕಾಯಿಸಿದರು, ಹೆಪ್ಪಿಗೆ ಏನು ಮಾಡುವುದು? ನಮ್ಮ ಊರಿನ ಹಾಲು ಹುಣಸೆಹುಳಿಗೂ ಬಗ್ಗುವುದಿಲ್ಲ, ಮೆಣಸಿನ ತೊಟ್ಟಿಗೂ ಬಗ್ಗುವುದಿಲ್ಲ, ಒಡೆದು ನೀರಾಗುತ್ತದೆ. ಊರಿನಲ್ಲಿ ಹೆಪ್ಪು ಇರುವುದು ಒಂದೇ ಮನೆಯಲ್ಲಿ. ಅಮಾವಾಸ್ಯೆ ದಿನ ಗಡಿಗೆ ಬೋರಲು ಹಾಕದ, ಎಲೆಅಡಿಕೆ ಜಗಿಯುತ್ತ ಬಾಗಿಲಲ್ಲಿ ಕೂತು ಬೋರಲು ಹಾಕುವವರನ್ನು ನೋಡಿ ನಗುವ, ಆ ಕೆಟ್ಟ ಹೆಂಗಸಿನ ಮನೆಯಲ್ಲಿ.

ಪಾಡ್ಯದ ಬೆಳಿಗ್ಗೆ ಕೆಂಚಕ್ಕ ಹಿತ್ತಿಲ ಕಿಟಕಿಯಿಂದ ನನಗೆ ಒಂದು ಬಟ್ಟಲು ಹೆಪ್ಪು ಚಾಚುತ್ತಾಳೆ. ನನಗೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ಇಸಿದುಕೊಳ್ಳುತ್ತೇನೆ. ಆಮೇಲೆ ಪಕ್ಕದ ಬೆಲ್ಲದ ಸಿದ್ದಕ್ಕ ನನ್ನ ಬಾಗಿಲಿಗೆ ಬಂದು, "ಒಂಚೂರು ಹೆಪ್ಪು ಇದ್ರೆ ಕೊಡೇ" ಎನ್ನುತ್ತಾಳೆ. ಸಿದ್ದಕ್ಕನಿಂದ ದರ್ಜಿಯ ಮನೆಗೆ, ದರ್ಜಿಯ ಮನೆಯಿಂದ ಅದರಾಚೆಗೆ. ಮಧ್ಯಾಹ್ನದೊಳಗೆ ಊರಿನ ಹಾಲೆಲ್ಲ ಕೆಂಚಕ್ಕನ ಹೆಪ್ಪಿಗೆ ಶರಣಾಗಿರುತ್ತದೆ. ಹೆಪ್ಪಿಗೆ ಯಾರೂ ಹಗ್ಗ ಕಟ್ಟುವುದಿಲ್ಲ. ಪಕ್ಕದ ಮನೆಯಿಂದ ಬೆಂಕಿ ತಂದ ಹಾಗೆ, ಅದೂ ಒಂದು ಬೇಕಾದ ವಸ್ತು ಎಂದು ಯಾರಿಗೂ ಅನ್ನಿಸುವುದೇ ಇಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಯಜಮಾನ ಪಾಲಾಕ್ಷಪ್ಪನವರ ಮಗಳ ಮದುವೆಯಲ್ಲಿ ಬೀಗರ ಪೇಟ ಹಗ್ಗಕ್ಕೆ ಸಿಕ್ಕಿ ನೇತಾಡದಿದ್ದರೆ ಇನ್ನೂ ಹಾಗೇ ನಡೆಯುತ್ತಿತ್ತು. ಪಾಲಾಕ್ಷಪ್ಪನವರು ಮುದ್ದಪ್ಪಜ್ಜನ ಮೊಮ್ಮಗ. ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು, ಈಗ ಊರಿನ ಮಾತು ಇವರದು. ಕಡು ವೈಶಾಖದ ಬಿಸಿಲಿನಲ್ಲಿ ದಿಬ್ಬಣ ಬಂತು. ಹೊರಗಿನ ಊರಿನ ಬೀಗರಿಗೆ ಬಗ್ಗಿ ಅಭ್ಯಾಸವಿಲ್ಲ, ನೆಟ್ಟಗೆ ನಡೆದರು. ಅವರು ಮುಂದೆ ಹೋದರು, ಜರಿಯ ಪೇಟ ಹಿಂದೆ ಗಾಳಿಯಲ್ಲಿ ತೂಗುತ್ತ ಉಳಿಯಿತು. ಬೀಗರ ಬೋಳುತಲೆಯನ್ನು ಆವರೆಗೆ ಅವರ ಹೆಂಡತಿಯೂ ಹಗಲಲ್ಲಿ ಕಂಡಿರಲಿಲ್ಲವಂತೆ. ಮದುವೆ ಮುರಿಯಲಿಲ್ಲ, ಆದರೆ ಮೂರು ದಿನ ಅವರು ಪಾಲಾಕ್ಷಪ್ಪನವರ ಮುಖ ನೋಡಿ ಮಾತಾಡಲಿಲ್ಲ. ನಾಲ್ಕನೆಯ ದಿನ ಪಾಲಾಕ್ಷಪ್ಪನವರು ಕಟ್ಟೆಯ ಮೇಲೆ ನಿಂತು, ಊರಿನ ಬೇಡದ ಹಗ್ಗಗಳನ್ನೆಲ್ಲ ಬಿಚ್ಚಿಸುವುದಾಗಿ ಸಾರಿದರು.

ಹಗ್ಗವನ್ನು ಕತ್ತರಿಸುವಂತಿಲ್ಲ. ಕತ್ತಿ ತಾಗಿಸಿದವನ ಮನೆಯೇ ಮೊದಲು ಹೋಗುತ್ತದೆ. ಹಿಂದೆ ಕ್ಷೌರದ ಸಂಗಯ್ಯ ಅವಸರದಲ್ಲಿ ಒಂದು ಹಗ್ಗಕ್ಕೆ ಕತ್ತಿ ಎಳೆದು ಮನೆ ಸಮೇತ ಹೋದ ಮೇಲೆ, ಇನ್ನೊಬ್ಬನನ್ನು ಕರೆಯುವವರೆಗೆ ನಮ್ಮ ಗಂಡಸರೆಲ್ಲ ಋಷಿಗಳಂತೆ ಓಡಾಡಿದ್ದರು. ಆದ್ದರಿಂದ ಬಿಚ್ಚಬೇಕು. ಗಂಟು ಹಿಡಿದು, "ನಮ್ಮ ಮನೆಗೆ ಈ ಮನೆಯಿಂದ ಏನೂ ಬೇಕಾಗಿಲ್ಲ" ಎಂದು ಹೇಳಿ ಎಳೆಯಬೇಕು. ಕಟ್ಟುವುದೇ ರೂಢಿಯಾಗಿದ್ದ ಊರಿನಲ್ಲಿ ಬಿಚ್ಚುವ ಅಭ್ಯಾಸ ಯಾರಿಗೂ ಇರಲಿಲ್ಲ. ಮೊದಮೊದಲು ಹಿಂಜರಿದರು. ಆಮೇಲೆ ಗಂಟುಗಳು ಎಷ್ಟು ಸಲೀಸಾಗಿ ಬಿಚ್ಚಿಕೊಂಡವೆಂದರೆ ಕೆಲವರಿಗೆ ನೋವೇ ಆಯಿತು. ದರ್ಜಿಯ ಅಣ್ಣ ತಮ್ಮನ ಮನೆಯ ಗಂಟನ್ನು ಎರಡು ಬೆರಳಲ್ಲಿ ಬಿಚ್ಚಿದ. ತಮ್ಮನಿಗೆ ಬೇರೆ ಹಗ್ಗಗಳಿದ್ದವು, ಮನೆಗೇನೂ ಆಗಲಿಲ್ಲ. ಆದರೂ ಅವನು ಅಂದು ಊಟ ಮಾಡಲಿಲ್ಲ ಎಂದು ಸಿದ್ದಕ್ಕ ಹೇಳಿದಳು.

ನಡುವೆ ಒಂದು ತಕರಾರು ಬಂತು. ಲಕ್ಕಣ್ಣ, ತೋಪಣ್ಣ ಎಂಬ ಭಾವಮೈದುನರಿದ್ದರು. ಎದುರುಬದುರು ಮನೆ. ಲಕ್ಕಣ್ಣನಿಗೆ ಎಲೆ ಮಡಿಸಿಕೊಡಲು ತೋಪಣ್ಣ ಬೇಕು, ತೋಪಣ್ಣನಿಗೆ ಎಲೆ ಮಡಿಸಿಕೊಡಲು ಲಕ್ಕಣ್ಣ ಬೇಕು. ಇವನ ಹಗ್ಗ ಅವನಿಗೆ, ಅವನ ಹಗ್ಗ ಇವನಿಗೆ. ಮೂರನೆಯವರ ಹಗ್ಗ ಎರಡು ಮನೆಗೂ ಇಲ್ಲ. ಒಬ್ಬರನ್ನೊಬ್ಬರು ಎತ್ತಿಹಿಡಿದುಕೊಂಡು ಜಗುಲಿಯ ಮೇಲೆ ಹಗಲೆಲ್ಲ ಗೊರಕೆ ಹೊಡೆಯುತ್ತಿದ್ದರು. ಇದು ಮೋಸ ಎಂದು ಪಾಲಾಕ್ಷಪ್ಪನವರು ತೀರ್ಮಾನಿಸಿದರು. ಎರಡು ಮನೆ ಪರಸ್ಪರ ಕಟ್ಟಿಕೊಂಡ ಹಗ್ಗ ಇನ್ನು ಲೆಕ್ಕಕ್ಕಿಲ್ಲ ಎಂದು ಕಟ್ಟೆಯ ಮೇಲೆ ಹೇಳಿಬಿಟ್ಟರು. ಕಟ್ಟೆಯ ಮಾತು ನಮ್ಮ ಗೂಟಗಳಿಗೂ ಕೇಳಿಸುತ್ತದೆ. ಮರುದಿನ ಉಂಡು ಹೊರಗೆ ಬಂದರೆ ಎದುರುಬದುರು ಎರಡು ಹದವಾದ ಪಾತಿ, ನಡುವೆ ಹಗ್ಗ ಎರಡೂ ನೆಲದ ಮೇಲೆ. ಊರು ಮೆಚ್ಚಿತು. ನನಗೆ ಮಾತ್ರ ಆ ಗೊರಕೆಯಿಲ್ಲದೆ ಮಧ್ಯಾಹ್ನದ ಹೊತ್ತು ಬಿಕೋ ಎನ್ನುತ್ತಿತ್ತು.

ಅದಾದ ಮೇಲೆ ಪಾಲಾಕ್ಷಪ್ಪನವರು ನಾಲ್ಕು ಜನರನ್ನು ಹಿಂದಿಟ್ಟುಕೊಂಡು ನಮ್ಮ ಬೀದಿಗೆ ಬಂದರು. ತಮ್ಮ ಮನೆಯಿಂದ ಕೆಂಚಕ್ಕನ ಗೂಟಕ್ಕೆ ಬಂದಿದ್ದ ಹಳೆಯ ಹಗ್ಗವನ್ನು ಮೇಲೆ ಕೆಳಗೆ ನೋಡಿದರು.

"ಇದು ನಮ್ಮಜ್ಜಂದು. ಅಜ್ಜನೇ ಹೋದ್ಮೇಲೆ ಇದಿನ್ಯಾತಕ್ಕೆ? ಊರಿಗೆಲ್ಲ ಹೇಳೋನು ನನ್ನ ಹಗ್ಗನೇ ಬಿಡೋಕಾಯ್ತದಾ? ನಾಳೆ ಬೆಳಿಗ್ಗೆ ನಾಲ್ಕು ಜನದ ಮುಂದೆ ನಾನೇ ಬಿಚ್ತೀನಿ" ಎಂದರು.

ನನ್ನ ಕೈಯಲ್ಲಿದ್ದ ಹಸಿಮಣ್ಣು ಕೈಯಲ್ಲೇ ಉಳಿಯಿತು. "ಯಜಮಾನ್ರೆ, ಅದೊಂದೇ ಹಗ್ಗ ಕೆಂಚಕ್ಕಂಗೆ. ಬಿಚ್ಚಿದ್ರೆ ನಾಳಿದ್ದು ಅವಳ ಮನೆ ಇರಲ್ಲ" ಎಂದೆ.

"ಬೇಕಾದೋರು ಕಟ್ಕಳ್ಳಲಿ ಹೊನ್ನಮ್ಮ. ನಾನೇನು ಬ್ಯಾಡ ಅಂದ್ನಾ?"

"ನಾನು ಕಟ್ತೀನಿ."

"ನೀನು ಕಟ್ಟಂಗಿಲ್ಲ. ಅವಳ ಹಗ್ಗ ಆಗ್ಲೇ ನಿನ್ನ ಗೂಟಕ್ಕೈತೆ. ನೀನೂ ಕಟ್ಟಿದ್ರೆ ಲಕ್ಕಣ್ಣ ತೋಪಣ್ಣನ ಕಥೆ ಆಯ್ತದೆ. ನ್ಯಾಯ ಎಲ್ರಿಗೂ ಒಂದೇ ಅಲ್ವೇನಮ್ಮ?"

ನ್ಯಾಯ ಎಲ್ಲರಿಗೂ ಒಂದೇ. ಅವರು ಕೆಟ್ಟ ಮನುಷ್ಯರಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಕೆಂಚಕ್ಕ ಹೋದರೆ ನನ್ನ ಮನೆಗೇನೂ ಆಗುವುದಿಲ್ಲ. ನನ್ನ ಗೂಟದಲ್ಲಿ ಇನ್ನೊಂದು ಹಗ್ಗಕ್ಕೆ ಜಾಗವಿಲ್ಲ. ಆದರೆ ಈ ಊರಿನಲ್ಲಿ ನನಗೆ ಇರುವವಳು ಅವಳೊಬ್ಬಳೇ. ಬೆಳಿಗ್ಗೆ ಎದ್ದ ತಕ್ಷಣ, "ಹೊನ್ನಿ, ನಿನ್ನ ಗಡಿಗೆ ಮತ್ತೆ ಸೋರ್ತೈತೆ, ಕಣ್ಣು ಮುಚ್ಕಂಡು ಮಾಡಿದ್ಯೇನೆ?" ಎಂದು ಅವಳ ಬಾಯಿಂದ ಬೈಸಿಕೊಳ್ಳದೆ ನನಗೆ ದಿನ ಶುರುವಾದ ಹಾಗೆ ಅನ್ನಿಸುವುದಿಲ್ಲ. ಕೊತ್ತಂಬರಿಯ ಪಾತಿ ನನ್ನನ್ನು ಬೈಯುತ್ತದೆಯೇ?

ಕೈ ತೊಳೆದು ಬೀದಿಗೆ ಇಳಿದೆ. ಒಬ್ಬರಾದರೂ ಸಾಕು, ಕೆಂಚಕ್ಕನ ಹೆಪ್ಪು ಬೇಕು ಎಂದು ಹೇಳಿ ಒಂದು ಹಗ್ಗ ಕಟ್ಟಲಿ ಎಂದು. ಮೊದಲು ಸಿದ್ದಕ್ಕನ ಮನೆ.

"ನಾನು ಹೆಪ್ಪು ತರೋದು ನಿಮ್ಮನೆಯಿಂದ ಅಲ್ವೇನೇ? ನಿಂಗೆ ಆಗ್ಲೇ ಕಟ್ಟಿದೀನಲ್ಲ" ಎಂದಳು ಸಿದ್ದಕ್ಕ.

"ನಾನು ಎಲ್ಲಿಂದ ತರ್ತೀನಿ ಅಂತ ನಿಂಗೆ ಗೊತ್ತಿಲ್ವಾ?"

"ಯಾವತ್ತಾದ್ರೂ ಕೇಳಿದೀನಾ?"

"ಇಲ್ಲ."

"ಕೇಳ್ದೇ ಇದ್ದದ್ದೇ ಕಣೆ ನನ್ನ ಮಡಿ. ಈಗ ಎಲ್ರ ಮುಂದೆ ನಿಂತ್ಕಂಡು ಅಮಾಸೆ ಹೆಪ್ಪು ಬೇಕು ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ? ಮನೇಲಿ ಸೊಸೆ ಅವ್ಳೆ." ಆಮೇಲೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು, "ಅಷ್ಟಕ್ಕೂ ಬೇಕಾದ್ರೆ ಇನ್ನೊಂದು ಸಲ ಕರೆದ್ರಾಯ್ತು ಬಿಡು, ಕೆಂಚಕ್ಕ ಬತ್ತಾಳೆ" ಎಂದಳು.

ಬರುತ್ತಾಳೆ. ಅದೇ ಹೆಸರಿನವಳು, ಅದೇ ಮೂಗಿನವಳು. ಬಂದು ನನ್ನನ್ನು ನೋಡಿ, "ನೀವು ಯಾರೋ ಗೊತ್ತಾಗ್ಲಿಲ್ವಲ್ಲ" ಎನ್ನುತ್ತಾಳೆ. ಸಿದ್ದಕ್ಕನಿಗೆ ಇದನ್ನು ಹೇಳಲು ಹೋಗಲಿಲ್ಲ, ಮುಂದಿನ ಮನೆಗೆ ನಡೆದೆ.

ದರ್ಜಿಯ ಮನೆಯಲ್ಲಿ, "ನಾವು ಸಿದ್ದಕ್ಕನ ಮನೇದು ತರೋದು, ಅವರು ಭಾಳ ಶುದ್ಧ" ಎಂದರು. ಅದರಾಚೆಯ ಮನೆಯಲ್ಲಿ ದರ್ಜಿಯವರು ಭಾಳ ಶುದ್ಧ. ಹೀಗೆ ಪ್ರತಿಯೊಬ್ಬರ ಪಕ್ಕದ ಮನೆಯವರೂ ಶುದ್ಧವಾಗಿರುತ್ತ, ನಾನು ಬೀದಿಯ ಕೊನೆಗೆ, ಯಜಮಾನರ ಮನೆಗೇ ಬಂದು ನಿಂತೆ. ಪಾಲಾಕ್ಷಪ್ಪನವರ ಹೆಂಡತಿ ಚೆನ್ನಾಜಮ್ಮ ನನ್ನನ್ನು ಕೂರಿಸಿ, ಬಿಸಿಲಲ್ಲಿ ಬಂದಿದ್ದೀಯೆಂದು ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ಕೊಟ್ಟರು. ಒಂದು ಗುಟುಕು ಕುಡಿದೆ. ಕೆಂಚಕ್ಕನ ಮೊಸರಿಗೆ ಕೊನೆಯಲ್ಲಿ ಒಂದು ಸಣ್ಣ ಒಗರಿದೆ. ಇಷ್ಟು ಮನೆ ದಾಟಿ ಬಂದರೂ ಆ ಒಗರು ಹಾಗೇ ಇತ್ತು.

"ಅಮ್ಮಾವ್ರೆ, ಈ ಮಜ್ಜಿಗೆ ಯಾವ ಹೆಪ್ಪಿಂದು?" ಎಂದೆ.

"ನಮ್ಮನೇದೇ ಕಣೆ. ನಮ್ಮತ್ತೆ ಕಾಲದಿಂದ ನಮ್ಮನೆ ಮೊಸರು ಅಂದ್ರೆ ಹೆಸರುವಾಸಿ."

"ಅಮಾಸೆ ದಿನ ಚೆಲ್ತೀರಲ್ಲ. ಪಾಡ್ಯಕ್ಕೆ ಎಲ್ಲಿಂದ ಬರುತ್ತೆ?"

ಚೆನ್ನಾಜಮ್ಮನವರು ಸೆರಗು ಸರಿಮಾಡಿಕೊಂಡು, "ಲೋಟ ಅಲ್ಲೇ ಇಡು ಹೊನ್ನಿ, ಕೆಲ್ಸದೋಳು ತೊಳೀತಾಳೆ" ಎಂದು ಎದ್ದು ಒಳಗೆ ಹೋದರು.

ವಾಪಸು ಬಂದಾಗ ಕೆಂಚಕ್ಕ ಕಂಬಕ್ಕೆ ಕಟ್ಟಿದ ಕಡೆಗೋಲಿನಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ನಾನು ಊರಿನವರನ್ನೆಲ್ಲ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಕಡೆಯುವುದನ್ನು ನಿಲ್ಲಿಸಲಿಲ್ಲ.

"ಊರು ಉಪಕಾರ ಅರೀದು, ಹೆಣ ಶೃಂಗಾರ ಅರೀದು. ಇದು ನಿಂಗೆ ಇವತ್ತು ಗೊತ್ತಾಯ್ತಾ? ಕೂತ್ಕಾ, ಬೆಣ್ಣೆ ಬತ್ತಾ ಐತೆ" ಎಂದಳು.

"ನಾಳಿದ್ದು ನೀನು ಇರಲ್ಲ, ಬೆಣ್ಣೆ ಕಟ್ಕಂಡು ಏನ್ ಮಾಡ್ಲಿ ನಾನು?"

ಆಗ ಅವಳು ಕಡೆಗೋಲಿನ ಹಗ್ಗ ಬಿಟ್ಟು ನನ್ನತ್ತ ತಿರುಗಿದಳು. "ನಾನು ಯೋಚ್ನೆ ಮಾಡಿದೀನಿ. ನನ್ನ ಹಗ್ಗ ನಿನ್ನ ಗೂಟಕ್ಕಿರೋದಕ್ಕೆ ತಾನೆ ನಿನ್ನ ಹಗ್ಗ ಲೆಕ್ಕಕ್ಕಿಲ್ಲ? ನಂದನ್ನ ಬಿಚ್ಚಿಬಿಡ್ತೀನಿ. ಆಮೇಲೆ ನೀನು ಕಟ್ಟು. ಆಗ ಪರಸ್ಪರ ಆಗಲ್ಲ, ನಿಂದು ಒಂದೇ ಕಡೆ ಹಗ್ಗ. ಪಾಲಾಕ್ಷಪ್ಪ ಏನ್ ಹೇಳ್ತಾನೆ ಆಗ?"

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಎಷ್ಟು ಸುಲಭದ ಉಪಾಯ! ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

"ಗಡಿಗೆ ಬ್ಯಾಡ್ವಾ ನಿಂಗೆ?"

"ಅಟ್ಟದ್ ಮ್ಯಾಲೆ ನೋಡು, ನನ್ನ ಜೀವಮಾನಕ್ಕಾಗುವಷ್ಟು ಬಿದ್ದವೆ. ಎಲ್ಲಾ ಸೋರುತ್ವೆ, ಅದು ಬ್ಯಾರೆ ಮಾತು. ನಿನ್ನಿಂದ ನಂಗೆ ಇನ್ನೇನೂ ಬೇಕಾಗಿಲ್ಲ ಕಣೆ ಹೊನ್ನಿ."

ಉಪಾಯ ಉಪಾಯವೇ, ಆದರೂ ಆ ಮಾತು ಎಲ್ಲೋ ಚುಚ್ಚಿತು. ಅವಳ ಮನೆ ಉಳಿದರೆ ಸಾಕು ಎಂದುಕೊಂಡೆ. ಸಂಜೆ ಹೋಗಿ ಪಾಲಾಕ್ಷಪ್ಪನವರನ್ನು ಕೇಳಿದೆ. ಅವರು ಗಡ್ಡ ಕೆರೆದುಕೊಂಡು, "ಹಂಗಾದ್ರೆ ಸರಿ. ನ್ಯಾಯ ಎಲ್ರಿಗೂ ಒಂದೇ" ಎಂದರು. ಅವರಿಗೂ ಹಗುರವಾದಂತೆ ಕಂಡಿತು.

ಬೆಳಿಗ್ಗೆ ಬೀದಿ ತುಂಬ ಜನ. ಭಾವಮೈದುನರ ಮನೆ ಹೋದ ಮೇಲೆ ಇಂಥ ನೋಟ ಸಿಕ್ಕಿರಲಿಲ್ಲ. ಹಗ್ಗದಡಿ ತಲೆ ತಗ್ಗಿಸಿ ತಗ್ಗಿಸಿ ಬಂದು ನಿಂತರು. ಕೆಂಚಕ್ಕ ತಲೆ ಬಾಚಿ, ಒಗೆದ ಸೀರೆ ಉಟ್ಟು, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು. ಗಂಭೀರ ಕೆಲಸಕ್ಕೆಂದು ಅವಳು ಎಲೆಅಡಿಕೆ ಉಗಿದದ್ದನ್ನು ನಾನು ಅದೇ ಮೊದಲು ಕಂಡದ್ದು. ನನ್ನ ಬಾಗಿಲ ಗೂಟದಲ್ಲಿದ್ದ ಅವಳ ಗಂಟನ್ನು ಹಿಡಿದಳು. ಅಷ್ಟೂ ಹಗ್ಗಗಳ ಅಡಿಯಲ್ಲಿ, ಎಲ್ಲಕ್ಕಿಂತ ಹಳೆಯದಾಗಿ, ಕಪ್ಪಗಾಗಿ ಕೂತಿತ್ತು ಅದು.

"ನಮ್ಮ ಮನೆಗೆ ಈ ಮನೆಯಿಂದ ಏನೂ ಬೇಕಾಗಿಲ್ಲ" ಎಂದು ಎಳೆದಳು.

ಗಂಟು ಅಲುಗಲಿಲ್ಲ.

ಇನ್ನಷ್ಟು ಗಟ್ಟಿಯಾಗಿ ಹೇಳಿದಳು, ಎರಡೂ ಕೈಯಲ್ಲಿ ಎಳೆದಳು. ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು, "ಹಾಳಾದ್ದೇ, ಏನೂ ಬೇಕಾಗಿಲ್ಲ ಅಂದ್ನಲ್ಲ! ಇವಳ ಸೋರೋ ಗಡಿಗೆನೂ ಬ್ಯಾಡ, ಇವಳ ಮುಸುಡೀನೂ ಬ್ಯಾಡ" ಎಂದು ಕೂಗಿದಳು. ಗಂಟು ಇನ್ನಷ್ಟು ಬಿಗಿದುಕೊಂಡಿತು.

ಗುಂಪಿನಲ್ಲಿ ಯಾರೋ, "ವಯಸ್ಸಾದ ಕೈ, ಬಲ ಸಾಲ್ದು" ಎಂದರು. ಕೆಂಚಕ್ಕ ಕೈ ಕೆಳಗಿಳಿಸಿ ನನ್ನನ್ನು ನೋಡಿದಳು. ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಬಿಕ್ಕಿ ಬಿಕ್ಕಿ ಅತ್ತೆ, ನಾಲ್ಕು ಜನದ ಮುಂದೆ, ನಾಚಿಕೆಯಿಲ್ಲದೆ. ಸಂತೋಷಕ್ಕೆ ಅತ್ತೆನೋ ಸಂಕಟಕ್ಕೆ ಅತ್ತೆನೋ ಇಂದಿಗೂ ಹೇಳಲಾರೆ. ಅವಳಿಗೆ ನಾನು ಬೇಕಾಗಿದ್ದೆ. ಅದಕ್ಕೇ ಅವಳು ಹೋಗಬೇಕಾಗಿತ್ತು.

"ಸುಳ್ಳನ್ನಾದ್ರೂ ನೆಟ್ಟಗೆ ಹೇಳಬಾರ್ದಿತ್ತಾ ನೀನು?" ಎಂದು ಅವಳ ಮೇಲೇ ರೇಗಿದೆ.

"ನಾನು ಹೇಳ್ದೆ ಕಣೆ. ಅದು ಕೇಳ್ಲಿಲ್ಲ" ಎಂದಳು ಮೆತ್ತಗೆ.

ಪಾಲಾಕ್ಷಪ್ಪನವರು ಕೆಮ್ಮಿದರು. ಅವರಿಗೂ ಬೇಸರವಾಗಿದ್ದಿರಬೇಕು, ಆದರೆ ಕಟ್ಟೆಯ ಮೇಲೆ ಆಡಿದ ಮಾತು. ಹೆಗಲ ವಸ್ತ್ರ ತೆಗೆದು ತಮ್ಮನ ಕೈಗೆ ಕೊಟ್ಟು, ಕೆಂಚಕ್ಕನ ಬಾಗಿಲಿಗೆ ನಡೆದು, ಅಜ್ಜನ ಗಂಟನ್ನು ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ನಮ್ಮ ಮನೆಗೆ ಈ ಮನೆಯಿಂದ ಏನೂ ಬೇಕಾಗಿಲ್ಲ."

ಹಗ್ಗ ಎಳೆದ ಸದ್ದು ಕೇಳಿಸಿತು. ಕಣ್ಣು ಬಿಟ್ಟು ನೋಡಿದರೆ ಪಾಲಾಕ್ಷಪ್ಪನವರ ಹಣೆಯಲ್ಲಿ ಬೆವರು. ಗಂಟು ಇದ್ದ ಹಾಗೇ ಇದೆ. ಮತ್ತೊಮ್ಮೆ ಹೇಳಿದರು, ಎಳೆದರು. ಉಗುರು ಹಾಕಿದರು. ಅವರ ತಮ್ಮ ಬಂದು, "ಸರಿ ಅಣ್ಣ, ನಾನು ನೋಡ್ತೀನಿ" ಎಂದು ಹಲ್ಲು ಹಾಕಿದ. ವಯಸ್ಸಾದ ಕೈಯೂ ಅಲ್ಲ, ಹಲ್ಲಿಲ್ಲದ ಬಾಯಿಯೂ ಅಲ್ಲ. ಗಂಟು ಜಪ್ಪಯ್ಯ ಅನ್ನಲಿಲ್ಲ.

ನಾನು ಗುಂಪಿನ ಮೇಲೆ ಕಣ್ಣಾಡಿಸಿದೆ. ಸಿದ್ದಕ್ಕ ತನ್ನ ಕಾಲಿನ ಉಂಗುರ ನೋಡಿಕೊಳ್ಳುತ್ತಿದ್ದಳು. ದರ್ಜಿ ಆಕಾಶ ನೋಡುತ್ತಿದ್ದ. ಚೆನ್ನಾಜಮ್ಮನವರು ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಅಂದು ಊರಿನ ಬೆಕ್ಕುಗಳೆಲ್ಲ ಒಂದೇ ಬೀದಿಯಲ್ಲಿ ನಿಂತಿದ್ದವು. ಏಕೆ ಬಿಚ್ಚುತ್ತಿಲ್ಲ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಪ್ರತಿಯೊಬ್ಬರೂ ಅದು ತಮಗೊಬ್ಬರಿಗೇ ಗೊತ್ತು ಎಂಬ ಮುಖ ಮಾಡಿಕೊಂಡಿದ್ದರು. ಯಾರಾದರೂ ಒಬ್ಬರು ನಕ್ಕಿದ್ದರೆ ಊರು ಅಂದೇ ಉದ್ಧಾರವಾಗುತ್ತಿತ್ತು. ಯಾರೂ ನಗಲಿಲ್ಲ.

ಕೊನೆಗೆ ಕೆಳಗಿನ ಕೇರಿಯ ಮರುಳಪ್ಪ ಮುಂದೆ ಬಂದು, ಹಗ್ಗವನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ, "ಹಸಿ ಐತೆ ಯಜಮಾನ್ರೆ. ನೆನೆದ ಹಗ್ಗ ಬಿಗ್ಕಂತದೆ, ಬಿಚ್ಚಕ್ಕಾಗಲ್ಲ" ಎಂದ.

ಮಳೆ ಬಿದ್ದು ತಿಂಗಳುಗಳಾಗಿದ್ದವು. ಕೆರೆಯ ಅಂಗಳ ಬಿರುಕು ಬಿಟ್ಟಿತ್ತು.

"ಹೌದೌದು, ಹಸಿ" ಎಂದಿತು ಗುಂಪು, ಉಸಿರು ಬಿಟ್ಟು. "ಮುಟ್ಟಿದ್ರೆ ಗೊತ್ತಾಯ್ತದೆ." ಮೇಲಿನ ಕೇರಿಯ ಮರುಳಪ್ಪನೂ ಬಂದು ಮುಟ್ಟಿ, ಹಸಿ ಎಂದ. ಆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಪಾಲಾಕ್ಷಪ್ಪನವರು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡರು. "ಒಣಗಿದ ಮೇಲೆ ನೋಡೋಣ. ನ್ಯಾಯ ಎಲ್ರಿಗೂ ಒಂದೇ" ಎಂದರು. ಜನ ತಲೆ ಬಗ್ಗಿಸಿಕೊಂಡು ಚದುರಿದರು. ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಕೂರದೆ ಕೆಂಚಕ್ಕನ ಜಗುಲಿಯ ಕಂಬ ಹಿಡಿದುಕೊಂಡು ಕೂತಿದ್ದೆ. ಅವಳು ಒಳಗಿನಿಂದ, "ಕಂಬ ಬಿಟ್ಟು ಉಣ್ಣಕ್ಕೆ ಬಾರೇ, ಅನ್ನ ಆರೋಗ್ತಾ ಐತೆ" ಎಂದು ಬೈದಳು. ಆಮೇಲೆ ನಾನೂ ಅವಳಿಗೆ ಒಂದು ಹಗ್ಗ ಕಟ್ಟಿದೆ. ಲೆಕ್ಕಕ್ಕಿಲ್ಲದ ಹಗ್ಗ. ನನ್ನ ಗಂಟೂ ನಿಂತಿದೆ.

ಇದೆಲ್ಲ ಆಗಿ ಬಹಳ ಕಾಲವಾಯಿತು. ಊರಿನಲ್ಲಿ ಈಗಲೂ ಅಮಾವಾಸ್ಯೆಗೆ ಗಡಿಗೆ ಬೋರಲು ಬೀಳುತ್ತವೆ, ಪಾಡ್ಯಕ್ಕೆ ಹಿತ್ತಿಲ ಕಿಟಕಿಯಿಂದ ಬಟ್ಟಲು ಬರುತ್ತದೆ, ಪಕ್ಕದ ಮನೆಯವರು ಶುದ್ಧವಾಗಿಯೇ ಇದ್ದಾರೆ. ವರ್ಷಕ್ಕೊಮ್ಮೆ ವೈಶಾಖದಲ್ಲಿ, ಮಣ್ಣು ಕಾಲು ಸುಡುವ ಹೊತ್ತಿಗೆ, ಪಾಲಾಕ್ಷಪ್ಪನವರು ಹಗ್ಗ ನೋಡಲು ಬರುತ್ತಾರೆ. ಈಗ ಅವರಿಗೂ ಹಲ್ಲು ಒಂದೊಂದಾಗಿ ಉದುರುತ್ತಿವೆ. ಒಂದು ಬೆರಳಲ್ಲಿ ಮುಟ್ಟಿ, "ಇನ್ನೂ ಹಸಿ ಐತೆ" ಎನ್ನುತ್ತಾರೆ.

"ಅವಸರ ಏನೈತೆ ಯಜಮಾನ್ರೆ, ಒಣಗ್ಲಿ ಬಿಡಿ" ಎನ್ನುತ್ತಾಳೆ ಕೆಂಚಕ್ಕ. ಒಂದು ಲೋಟ ಮಜ್ಜಿಗೆ ತಂದು ಕೊಡುತ್ತಾಳೆ. ಅವರು ಬೀದಿಯ ಆ ಕಡೆ ಈ ಕಡೆ ನೋಡಿ ಇಸಿದುಕೊಳ್ಳುತ್ತಾರೆ. ಅವರು ನಿಂತ ಜಾಗದಲ್ಲಿ ತಲೆಯ ಮೇಲೆ ಯಾವ ಹಗ್ಗವೂ ಇಲ್ಲ. ಆದರೂ ತಲೆ ಬಗ್ಗಿಸಿಕೊಂಡೇ ಕುಡಿಯುತ್ತಾರೆ.